ಹಾಲು ಬತ್ತು

ನನ್ನ ಎದೆಯಲ್ಲಿ ಹಾಲು ಬಂತು. ಹೌದು, ಸರಿಯಾಗಿಯೇ ಓದಿದಿರಿ. ಗಂಡಸು ನಾನು, ಮೀಸೆ ಇದೆ, ಮದುವೆಯಾಗಿದೆ, ಭಟ್ಕಳದಿಂದ ಕುಮಟೆಯವರೆಗೆ ಎಷ್ಟೋ ಮದುವೆಗಳಿಗೆ ಅಡುಗೆ ಮಾಡಿ ಬಡಿಸಿದ್ದೇನೆ. ನಗುವವರು ಈಗಲೇ ನಕ್ಕು ಮುಗಿಸಿಬಿಡಿ. ಆಮೇಲೆ ನಡುನಡುವೆ ನಕ್ಕರೆ ನನಗೆ ಸಿಟ್ಟು ಬರುತ್ತದೆ, ನನ್ನ ಸಿಟ್ಟು ಒಲೆಯ ಮುಂದೆ ಬೆಳೆದದ್ದು.

ಮಾವಳ್ಳಿಯ ಕಡೆ ಒಂದು ಮದುವೆ. ನಾವು ಅಡುಗೆಯವರು ಅಂಗಿ ಹಾಕುವುದಿಲ್ಲ. ಒಂದು ಪಂಚೆ, ಹೆಗಲ ಮೇಲೊಂದು ಬೈರಾಸು, ಅಷ್ಟೇ. ಆ ಬೈರಾಸಿನಲ್ಲೇ ಬೆವರು ಒರೆಸುವುದು, ಅದರಲ್ಲೇ ಬಿಸಿ ಪಾತ್ರೆ ಹಿಡಿಯುವುದು. ಅವತ್ತು ಬೆವರು ಒರೆಸಿಕೊಳ್ಳುವಾಗ ಎಡ ಎದೆಯ ಮೇಲೆ ಬಿಳಿಯ ಒಂದು ಹನಿ ಕಂಡಿತು. ಪಾಯಸದ ಕೊಪ್ಪರಿಗೆಯಿಂದ ಹಾಲು ಸಿಡಿದಿದೆ ಎಂದುಕೊಂಡು ಒರೆಸಿದೆ. ಸ್ವಲ್ಪ ಹೊತ್ತಿಗೆ ಮತ್ತೊಂದು ಹನಿ. ಆಗ ನಾನು ಪಾಯಸದ ಹತ್ತಿರ ಇರಲೇ ಇಲ್ಲ, ಮದುವೆ ಹಾಲ್‌ನ ಹಿಂದಿನ ಮೂಲೆಯಲ್ಲಿ ಕೂತು ಸೌತೆಕಾಯಿ ಹೆಚ್ಚುತ್ತಿದ್ದೆ. ಬೆರಳಿನಿಂದ ಒತ್ತಿ ನೋಡಿದೆ. ನೋಡಬಾರದಿತ್ತು.

ತಕ್ಷಣ ಬೈರಾಸನ್ನು ಎದೆಗೆ ಅಡ್ಡಲಾಗಿ ಬಿಗಿದು ಕಟ್ಟಿಕೊಂಡೆ. ಬಡಿಸುವವರಲ್ಲೊಬ್ಬ ಹಾದುಹೋಗುತ್ತ, "ಎಂತ ಭಟ್ರೇ, ಚಳಿಯಾ?" ಎಂದ. ಧಗಧಗ ಉರಿಯುವ ಒಲೆಗಳ ನಡುವೆ ಚಳಿಯಂತೆ! ಅವನಿಗೆ ಬಾಯಿಗೆ ಬಂದಂತೆ ಬೈದುಬಿಟ್ಟೆ. ಮರುದಿನದಿಂದ ಅಂಗಿ ಹಾಕಿಕೊಂಡೇ ಅಡುಗೆಗೆ ನಿಂತೆ. ಜನರಿಗೆ ಅದೂ ಒಂದು ಸುದ್ದಿಯಾಯಿತು.

ಈ ವಿಷಯ ಯಾರಿಗೂ ಹೇಳಲಿಲ್ಲ. ಮುಖ್ಯವಾಗಿ ಹೆಂಡತಿಗೆ ಹೇಳಲಿಲ್ಲ. ಅವಳು ಗದಗಿನ ಕಡೆಯವಳು. ಹೊನ್ನಾವರದಿಂದ ಒಳಗೆ ಹೋಗುವ ಊರಿನ ಅಡುಗೆಭಟ್ಟನಿಗೆ ಹತ್ತಿರದಲ್ಲಿ ಯಾರು ಹೆಣ್ಣು ಕೊಡುತ್ತಾರೆ? ಯಾರೋ ಹೇಳಿ, ಯಾರೋ ಫೋಟೋ ತೋರಿಸಿ, ಘಟ್ಟದ ಮೇಲಿನ ಬಯಲುಸೀಮೆಯಿಂದ ಇವಳು ಬಂದಳು. ಮೊದಲ ದಿನವೇ ನಮ್ಮ ತಂಬುಳಿ ಕುಡಿದು, "ಇದೇನ್ರೀ, ಮಜ್ಜಿಗಿಗೆ ಸೊಪ್ಪು ಕಲಸೀರಿ?" ಎಂದು ಮುಖ ಕಿವುಚಿದವಳು. ನನಗೆ ಅವತ್ತೇ ಅವಳ ಮೇಲೆ ಪ್ರೀತಿ ಬಂದುಬಿಟ್ಟಿತು. ನನ್ನ ಅಡುಗೆಯನ್ನು ಮುಖದ ಮೇಲೆ ಬೈಯುವವರು ಅಲ್ಲಿಯವರೆಗೆ ಯಾರೂ ಸಿಕ್ಕಿರಲಿಲ್ಲ.

ಭಾಷೆಯ ಗೋಳು ಮಾತ್ರ ಕೇಳಬೇಡಿ. ನಮ್ಮನೆಯ ಮಾತಿನಲ್ಲಿ 'ಬತ್ತು' ಎಂದರೆ 'ಬರುತ್ತದೆ'. ಮಳೆ ಬತ್ತು, ಬಸ್ಸು ಬತ್ತು, ಸಿಟ್ಟು ಬತ್ತು. ಅವಳು ಬಂದ ವಾರದಲ್ಲಿ ಒಂದು ಬೆಳಿಗ್ಗೆ ಪಂಚಾಯತಿ ನಲ್ಲಿಯಲ್ಲಿ ನೀರು ಬಿಟ್ಟರು. ನನ್ನ ಆಯಿ ಒಳಗಿಂದ ಕೂಗಿದಳು. "ತಂಗೀ, ನೀರು ಬತ್ತು! ನೀರು ಬತ್ತು!"

ಇವಳು ಕೈಯಲ್ಲಿದ್ದ ಖಾಲಿ ಕೊಡವನ್ನು ಕೆಳಗಿಟ್ಟು ಜಗಲಿಯ ಮೇಲೆ ಕೂತಳು. "ಅಯ್ಯ, ಬತ್ತೇಬಿಡ್ತೇನ್ರಿ? ಇರ್ಲಿ ಬಿಡ್ರಿ ಅತ್ತಿ, ಬ್ಯಾಸಗ್ಯಾಗ ನಮ್ಮೂರಾಗೂ ಹಿಂಗ" ಎಂದು ಸಮಾಧಾನ ಬೇರೆ ಹೇಳಿದಳು. ನೀರು ಬಂದು, ಸುರಿದು, ನಿಂತೂ ಹೋಯಿತು. ಆಯಿ ಹೊರಗೆ ಬಂದು ನೋಡಿದರೆ ಒಂದು ಪಾತ್ರೆಯಲ್ಲೂ ನೀರಿಲ್ಲ! ಅತ್ತೆ ಸೊಸೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಿಂತದ್ದನ್ನು ನೆನೆದರೆ ಈಗಲೂ ನಗು ತಡೆಯುವುದಿಲ್ಲ. ಆಮೇಲೆ ಅವಳಿಗೆ ಅದೇ ಆಟವಾಯಿತು. ನಾನು ಗೇಟಿನಲ್ಲಿ ಕಂಡರೆ ಸಾಕು, "ಅತ್ತೀ, ಭಟ್ರು ಬತ್ತು!" ಎಂದು ಕೂಗುವಳು. "ಬತ್ತು ಅಲ್ದೇ ಕೂಸೇ, ಅಂವ ಬತ್ತ" ಎಂದು ಆಯಿ ತಿದ್ದುವಳು. ಎಷ್ಟು ತಿದ್ದಿದರೂ ಅವಳು ಕೂಗುವುದು 'ಬತ್ತು' ಎಂದೇ.

ಒಂದು ಮಾತು ಮಾತ್ರ ನನ್ನನ್ನು ಚುಚ್ಚುತ್ತಿತ್ತು. ನಮ್ಮ ಮನೆಯನ್ನು ಅವಳು 'ನಿಮ್ಮನಿ' ಎನ್ನುತ್ತಿದ್ದಳು. ನಿಮ್ಮನ್ಯಾಗ ಉಪ್ಪು ಕಡಿಮಿ, ನಿಮ್ಮನಿ ಬೆಕ್ಕು ಭಾಳ ಜಾಣ. 'ನಮ್ಮನಿ' ಎಂದರೆ ಅದು ಗದಗಿನ ಮನೆ. ಹೊಸತರಲ್ಲಿ ಹಾಗೇ ಇರುತ್ತದೆ, ಒಂದು ಮಗುವಾದರೆ ಸರಿಹೋಗುತ್ತದೆ ಎಂದು ನಾನು ಸುಮ್ಮನಿದ್ದೆ.

ಮೊದಲ ವರ್ಷ ಚೆನ್ನಾಗಿಯೇ ಕಳೆಯಿತು. ಆಮೇಲೆ ನಾನು ಬತ್ತಿದೆ. ಇದು ಅವಳ ಅರ್ಥದ ಬತ್ತುವುದು.

ಹೇಗೆ ಹೇಳಲಿ? ಹಸಿವಿಲ್ಲದವನ ಮುಂದೆ ಎಲೆ ಹಾಕಿದಂತೆ ಆಗಿತ್ತು. ಅವಳು ಪಕ್ಕಕ್ಕೆ ಬಂದು ಕೂತರೆ ಖುಷಿಯಾಗುತ್ತಿತ್ತು, ಮಾತಾಡಿದರೆ ಖುಷಿಯಾಗುತ್ತಿತ್ತು, ಆದರೆ ಮೈ ಮಾತ್ರ ಏಳುತ್ತಿರಲಿಲ್ಲ. ಗಡ್ಡವೂ ಹಾಗೇ. ಮೊದಲು ದಿನ ಬಿಟ್ಟು ದಿನ ಬೋಳಿಸದಿದ್ದರೆ ಕರಡಿಯಂತೆ ಕಾಣುತ್ತಿದ್ದವನಿಗೆ ಈಗ ವಾರಗಟ್ಟಲೆ ರೇಜರು ಬೇಕಾಗುತ್ತಿರಲಿಲ್ಲ. ಸಾರಿನ ಕೊಪ್ಪರಿಗೆ ಇಳಿಸಲು ಇನ್ನೊಬ್ಬನ ಕೈ ಕೇಳುವಷ್ಟು ತೋಳು ಸೋತಿತ್ತು. ವಯಸ್ಸಾಗುತ್ತಿದೆ, ಕೆಲಸ ಹೆಚ್ಚಾಗಿದೆ, ಒಲೆಯ ಕಾವು ಎಂದು ನನಗೆ ನಾನೇ ಸುಳ್ಳು ಹೇಳಿಕೊಳ್ಳುತ್ತಿದ್ದೆ.

ಅವಳು ಒಂದು ದಿನ ಕೇಳಿದಳು. "ರೀ, ನನ್ನ ಕಂಡ್ರ ನಿಮಗ ಬ್ಯಾಸರ ಏನು?"

"ಬೇಜಾರೆಂತಕೆ? ಆಯಾಸ ಮಾರಾಯ್ತಿ, ಆಯಾಸ!" ಎಂದು ಗದರಿಬಿಟ್ಟೆ. ಮನೆಗೆ ಬಂದವರೆಲ್ಲ "ಎಂತ ವಿಶೇಷ ಇಲ್ಯಾ?" ಎಂದು ಕೇಳುತ್ತಿದ್ದದ್ದು ಅವಳನ್ನೇ, ನನ್ನನ್ನಲ್ಲ. ಅವಳ ಹೊಟ್ಟೆಯನ್ನೊಮ್ಮೆ ನೋಡುವುದು, ಹೂಂ ಎನ್ನುವುದು, ಎಲೆಯಡಿಕೆಯ ಕವಳ ಹಾಕುವುದು, ಹೋಗುವುದು. ಅವರ ಬಾಯಿಗೆ ಬಿಸಿ ಸಾರು ಹೊಯ್ಯಬೇಕು ಅನ್ನಿಸುತ್ತಿತ್ತು ನನಗೆ. ಮಾವಳ್ಳಿಯಲ್ಲಿ ಆ ಬಿಳಿ ಹನಿ ಕಂಡದ್ದು ಇದೆಲ್ಲ ನಡೆಯುತ್ತಿದ್ದಾಗಲೇ.

ಹೊನ್ನಾವರದಲ್ಲಿ ವಾರಕ್ಕೊಮ್ಮೆ ಬಂದು ಕೂರುವ ಒಬ್ಬ ಡಾಕ್ಟರಮ್ಮ ಇದ್ದರು. ಬೋರ್ಡಿನಲ್ಲಿ ಶುಗರ್, ಥೈರಾಯ್ಡ್, ಹಾರ್ಮೋನ್ ಎಂದು ಬರೆದಿತ್ತು. ಗುರುತಿನವರು ಯಾರಾದರೂ ಸಿಕ್ಕಿದರೆ ಶುಗರ್ ಎಂದರಾಯಿತು ಎಂದು ಲೆಕ್ಕ ಹಾಕಿ, ಪೇಟೆಗೆ ಸಾಮಾನು ತರಲು ಹೋಗುತ್ತೇನೆಂದು ಮನೆಯಲ್ಲಿ ಹೇಳಿ ಹೋದೆ. ಡಾಕ್ಟರಮ್ಮ ಬಳ್ಳಾರಿ ಕಡೆಯವರು. ನನಗಿಂತ ಚಿಕ್ಕವರು, ಬಹಳ ಚುರುಕು. ಮೈಯ ಆಯಾಸ, ಗಡ್ಡ, ಮಗುವಾಗದ್ದು, ಎಲ್ಲ ನೆಲ ನೋಡಿಕೊಂಡೇ ಹೇಳಿದೆ.

"ಯಾವುದಾದ್ರೂ ಔಷಧಿ ತಗೊಳ್ತೀರಾ? ಬಿಪಿ, ನಿದ್ದೆ, ಮತ್ತೇನಾದ್ರೂ?"

"ಎಂತದೂ ಇಲ್ಲೆ."

"ಎದೆಯಿಂದ ಹಾಲಿನ ಥರ ಏನಾದ್ರೂ?"

ನನ್ನ ಕಿವಿ ಕಾದ ಕಾವಲಿಯಾಯಿತು. ಇವರಿಗೆ ಹೇಗೆ ಗೊತ್ತಾಯಿತಪ್ಪಾ! ಗೋಡೆಯ ಮೇಲಿದ್ದ ಗಂಟಲಿನ ಚಿತ್ರ ನೋಡುತ್ತ ಮೆಲ್ಲಗೆ ಹೇಳಿದೆ. "ಬತ್ತು."

"ಅಂದ್ರೆ, ಮೊದಲು ಇತ್ತಾ?"

"ಇತ್ತು. ಮಾವಳ್ಳಿಯ ಮದುವೆಯಲ್ಲಿ ಶುರುವಾದದ್ದು."

"ಈಗ ಬತ್ತು?"

"ಬತ್ತು."

"ಒಳ್ಳೇದೇ ಆಯ್ತು ಬಿಡಿ" ಎಂದು ಬರೆದುಕೊಂಡರು.

ನಾನು ಬೆಪ್ಪಾದೆ. ಒಳ್ಳೆಯದಂತೆ! ಅಂಗಿ ತೆಗೆಯಿರಿ, ಒಮ್ಮೆ ನೋಡುತ್ತೇನೆ ಎಂದರು. ನೂರಾರು ಜನರ ಮುಂದೆ ಬರಿಮೈಯಲ್ಲಿ ನಿಂತು ಹುಳಿ ತಿರುವುತ್ತಿದ್ದ ನಾನು ಅಲ್ಲಿ ಒಂದು ಗುಂಡಿಯನ್ನೂ ಬಿಚ್ಚಲಿಲ್ಲ, "ಬೇಡ ಮೇಡಂ" ಎಂದು ಎದ್ದೇಬಿಟ್ಟೆ. ರಕ್ತ ಕೊಟ್ಟು ಬಂದೆ. ಗಂಡಸಿನ ಹಾರ್ಮೋನು, ಅಂದರೆ ಟೆಸ್ಟೊಸ್ಟೆರಾನ್, ಕಡಿಮೆ ಬಂದಿತ್ತು. ಬೆಳಿಗ್ಗೆ ಹೊತ್ತು ಇನ್ನೊಮ್ಮೆ ರಕ್ತ ಕೊಡಬೇಕು, ತಪ್ಪದೆ ಬಂದು ಕಾಣಬೇಕು ಎಂದು ಫೋನಿನಲ್ಲಿ ಹೇಳಿದರು. ನಾನು ಹೋಗಲಿಲ್ಲ. ಮದುವೆಗಳ ಕಾಲ ಬೇರೆ. ಹಾಲು ಬರುವುದು ಒಳ್ಳೆಯದೇ ಎಂದು ಡಾಕ್ಟರೇ ಹೇಳಿದ ಮೇಲೆ ಹೆದರುವುದೆಂತಕೆ ಎಂಬ ಧೈರ್ಯ ಬೇರೆ. ನನ್ನ ಬುದ್ಧಿಗೆ ಏನೆನ್ನಬೇಕು!

ಭಟ್ಕಳದ ಹತ್ತಿರ ಬೆಳಕೆ ಎಂಬ ಊರಿನಲ್ಲಿ ಒಂದು ಮದುವೆ ಮುಗಿಸಿ ಮರುದಿನ ಬೆಳಗಿನ ಬಸ್ಸಿಗೆ ಮನೆಗೆ ಬಂದೆ. "ಭಟ್ರು ಬತ್ತು" ಎಂಬ ಕೂಗಿಲ್ಲ. ಜಗಲಿಯ ಮೇಲೆ ಅವಳ ದೊಡ್ಡ ಕೆಂಪು ಬ್ಯಾಗು ಉಬ್ಬಿ ಕೂತಿತ್ತು. ಅವಳು ತೌರಿಗೆ ಹೋಗುವಾಗ ಉಡುವ ಸೀರೆ ಉಟ್ಟು ಅದರ ಪಕ್ಕ ಕೂತಿದ್ದಳು. ಆಯಿ ಒಳಗೆ ಪಾತ್ರೆ ಸದ್ದು ಮಾಡುತ್ತಿದ್ದಳೇ ಹೊರತು ಹೊರಗೆ ಬರಲಿಲ್ಲ.

"ನಾ ನಮ್ಮನಿಗೆ ಹೊಂಟೀನಿ" ಎಂದಳು.

"ಎಷ್ಟು ದಿನಕ್ಕೆ?"

"ನೀವು ಕರ್ಯಾಕ ಬಂದ್ರ ಬರ್ತೀನಿ. ಆದ್ರ ನೀವು ಬರೂದಿಲ್ಲ, ನನಗ ಗೊತ್ತೈತಿ." ಬ್ಯಾಗಿನ ಜಿಪ್ಪನ್ನು ಎಳೆದು ಮುಚ್ಚಿದಳು. "ಬ್ಯಾರೆ ಯಾರರ ಅದಾರೇನು, ಹೇಳಿಬಿಡ್ರಿ. ಇಲ್ಲಾ ನಾನಽ ಚಂದ ಇಲ್ಲ, ಅದನ್ನರ ಹೇಳ್ರಿ. ಏನೂ ಹೇಳದ ಹಿಂಗ ಮಗ್ಗಲಾಗ ಮಲಗಿಸಿಕೊಂಡ್ರ ನಾ ಏನಂತ ತಿಳೀಲಿ?"

ನನಗೆ ಎಲ್ಲಿತ್ತೋ ಸಿಟ್ಟು! ಅವಳ ಮೇಲಲ್ಲ. ನನ್ನ ಮೇಲೆ, ಈ ಮೈಯ ಮೇಲೆ, ವಿಶೇಷ ಕೇಳುವ ಬಾಯಿಗಳ ಮೇಲೆ. "ಬೇರೆ ಯಾರೂ ಇಲ್ಲೆ! ನೋಡು, ಇದನ್ನ ನೋಡು!" ಎಂದು ಅಂಗಿಯ ಗುಂಡಿಗಳನ್ನು ಹರಿದೇಬಿಟ್ಟೆ. ಒಂದು ಗುಂಡಿ ಟಪ್ಪೆಂದು ಹಾರಿ ಅಂಗಳಕ್ಕೆ ಬಿತ್ತು. ಎದೆಯನ್ನು ಒತ್ತಿ ತೋರಿಸಿದೆ. ಹನಿ ಬಂತು. ಮಾವಳ್ಳಿಯಿಂದ ಹೊನ್ನಾವರದವರೆಗೆ ಎಲ್ಲ ಒಂದೇ ಉಸಿರಿನಲ್ಲಿ ಹೇಳಿದೆ. ಹೇಳುತ್ತ ಹೇಳುತ್ತ ಅಳು ಬಂದುಬಿಟ್ಟಿತು. ನಾಚಿಕೆಯಾಯಿತು, ಆದರೆ ಎದೆ ಹಗುರವಾಯಿತು.

ಅವಳು ಕಣ್ಣು ಪಿಳಿಪಿಳಿ ಬಿಟ್ಟು ನನ್ನ ಎದೆಯನ್ನೇ ನೋಡಿದಳು. ತನ್ನ ಸೆರಗಿನಿಂದ ಆ ಹನಿಯನ್ನು ಒರೆಸಿದಳು.

"ಡಾಕ್ಟರ್ ಏನಂದ್ರು?"

"ಒಳ್ಳೇದೇ ಆತು ಅಂದ್ರು."

"ಏನ? ಗಂಡಸರಿಗೆ ಹಾಲು ಬಂದ್ರ ಒಳ್ಳೇದ? ಯಾವ ಡಾಕ್ಟರ್ರೀ ಆಕಿ? ನೀವು ಆಕಿಗೆ ಏನಂತ ಹೇಳಿದ್ರಿ?"

"ಬತ್ತು ಅಂದೆ."

ಅವಳ ತುಟಿ ಅಲುಗಿತು. "ಆ ಡಾಕ್ಟರ್ ಯಾವೂರವರು?"

"ಬಳ್ಳಾರಿ ಕಡೆಯವರು."

ಹಣೆಹಣೆ ಬಡಿದುಕೊಂಡಳು. ಆಮೇಲೆ ಶುರುವಾಯಿತು ನೋಡಿ ನಗು! ಹೊಟ್ಟೆ ಹಿಡಿದುಕೊಂಡು ಬ್ಯಾಗಿನ ಮೇಲೆ ಬಿದ್ದು ನಕ್ಕಳು, ನಗುತ್ತಲೇ ಅತ್ತಳು. "ಅಯ್ಯ ನನ ಗಂಡಾ! ಬತ್ತಿತು ಅಂತ ತಿಳಕೊಂಡಾರ್ರೀ ಆಕಿ! ಒಣಗಿ ಹೋತು ಅಂತ! ಅದಕ್ಕಽ ಒಳ್ಳೇದಾತು ಅಂದಾರ!"

ಆಯಿ ಬಾಗಿಲಿಗೆ ಬಂದು, "ಎಂತ ಆತು? ಎಂತ ಬತ್ತು?" ಎಂದಳು. ಅಷ್ಟಕ್ಕೇ ನಾವಿಬ್ಬರೂ ಮತ್ತೆ ಬಿದ್ದುಬಿದ್ದು ನಕ್ಕೆವು. ಆದರೆ ಅವಳು ಬ್ಯಾಗು ಒಳಗೆ ಇಡಲಿಲ್ಲ. ಕಣ್ಣೊರೆಸಿಕೊಂಡು ಎದ್ದು, "ಇವತ್ತ ಆ ಡಾಕ್ಟರ್ ಬರೂ ದಿನ ಹೌದಲ್ಲೋ? ಮೊದಲು ಡಾಕ್ಟರ್. ಆಮ್ಯಾಲೆ ಬಸ್ಸು ನೋಡೋಣು" ಎಂದಳು. ಬ್ಯಾಗನ್ನು ನಾನೇ ಹೊತ್ತೆ.

ಕ್ಲಿನಿಕ್ಕಿನಲ್ಲಿ ಆ ಕೆಂಪು ಬ್ಯಾಗು ನಮ್ಮಿಬ್ಬರ ನಡುವೆ ಕೂತಿತ್ತು. ಒಳಗೆ ಹೋದದ್ದೇ ತಡ, ಇವಳು ಕುರ್ಚಿಯಲ್ಲೂ ಕೂರದೆ ಹೇಳಿದಳು. "ಮೇಡಂ, ಇವರ ಭಾಷಾದಾಗ ಬತ್ತು ಅಂದ್ರ ಬರ್ತೈತಿ ಅಂತ ಅರ್ಥ. ಹಾಲು ಬರ್ತೈತ್ರೀ ಇವರಿಗೆ. ಬತ್ತಿಲ್ಲ!"

ಡಾಕ್ಟರಮ್ಮನ ಪೆನ್ನು ನಿಂತಿತು. "ಅಯ್ಯೋ ದೇವರೇ!" ಎಂದರು. ಅವರಿಗೂ ನಗು ಉಕ್ಕಿತು, ತಡೆದುಕೊಂಡರು, ಮರುಕ್ಷಣಕ್ಕೆ ಮುಖ ಗಂಭೀರವಾಯಿತು. ಈ ಸಲ ನಾನು ಅಂಗಿ ತೆಗೆದೆ. ಹೆಂಡತಿ ಪಕ್ಕದಲ್ಲಿದ್ದದ್ದಕ್ಕೋ ಏನೋ ಅಷ್ಟು ಕಷ್ಟವಾಗಲಿಲ್ಲ. ನೋಡಿದರು, ರಕ್ತ ತೆಗೆಸಿದರು, ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳತೊಡಗಿದರು.

ಹಾಲೂಡಿಸುವ ತಾಯಂದಿರಲ್ಲಿ ಏರುವ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಗಂಡಸರಲ್ಲೂ ಇರುತ್ತದಂತೆ, ಸ್ವಲ್ಪವೇ ಸ್ವಲ್ಪ. ತಲೆಯೊಳಗೆ ಬಟಾಣಿಯಷ್ಟು ಒಂದು ಗ್ರಂಥಿ ಇದೆ, ಅಲ್ಲಿಂದ ಅದು ಹುಟ್ಟುವುದು. ಆ ಗ್ರಂಥಿಯೇ ಕೆಳಗಿನ ಬೀಜಗಳಿಗೆ 'ಗಂಡು ಹಾರ್ಮೋನು ತಯಾರಿಸಿ' ಎಂದು ಹೇಳಿಕಳಿಸುವುದೂ. ಗ್ರಂಥಿಗೆ ಹಾಗೆ ಹೇಳಲು ಅದರ ಮೇಲೆ ಕೂತ ಮೆದುಳಿನ ಭಾಗದಿಂದ ಅಪ್ಪಣೆ ಬರಬೇಕು. ಪ್ರೊಲ್ಯಾಕ್ಟಿನ್ ಏರಿದರೆ ಆ ಅಪ್ಪಣೆಯೇ ನಿಂತುಹೋಗುತ್ತದೆ.

ನನಗೆ ಥಟ್ಟನೆ ಹೊಳೆಯಿತು. "ಅಂದ್ರೆ ಮೇಡಂ, ಒಲೆ ಸರಿ ಇದ್ದು, ಸಾಮಾನೂ ಇದ್ದು, ಭಟ್ಟ 'ಹಚ್ಚು' ಹೇಳ್ತಾ ಇಲ್ಲೆ?"

"ಅದೇ! ಸರಿಯಾಗಿ ಹೇಳಿದ್ರಿ" ಎಂದರು. ನನಗೆ ಎಷ್ಟು ಖುಷಿಯಾಯಿತೆಂದರೆ, ಕಾಯಿಲೆ ನನ್ನದೇ ಎಂಬುದೇ ಒಂದು ಕ್ಷಣ ಮರೆತುಹೋಯಿತು. ನನ್ನೊಳಗೆ ಇಷ್ಟು ದೊಡ್ಡ ಅಡುಗೆಮನೆ! ಇನ್ನೂ ಹೇಳಿ, ಇನ್ನೂ ಹೇಳಿ ಎಂದು ದುಂಬಾಲು ಬಿದ್ದೆ. ತಯಾರಾದ ಗಂಡು ಹಾರ್ಮೋನು ಹಾಗೇ ಉಳಿಯುವುದಿಲ್ಲವಂತೆ. ಒಂದಿಷ್ಟು ಇನ್ನೂ ಗಟ್ಟಿಯಾದ ರೂಪಕ್ಕೆ ತಿರುಗಿ ಗಡ್ಡ ಬೆಳೆಸುತ್ತದೆ, ಒಂದಿಷ್ಟು ಮೈಯ ಕೊಬ್ಬಿನಲ್ಲಿ ಹೆಣ್ಣು ಹಾರ್ಮೋನಾಗಿ ಬದಲಾಗುತ್ತದೆ. ಗಂಡಸಿಗೆ ಅದೂ ಸ್ವಲ್ಪ ಬೇಕು. ಮೂಲದ ತಯಾರಿಯೇ ಕಡಿಮೆಯಾದರೆ ಮುಂದಿನದೆಲ್ಲ ಏರುಪೇರಾಗುತ್ತದೆ. ಗಡ್ಡ, ತೋಳಿನ ಶಕ್ತಿ, ಆಸೆ, ವೀರ್ಯದ ಗುಣ, ಎಲ್ಲ.

"ಅಂದ್ರ ಇವರ ಮನಸ್ಸಿನ್ಯಾಗ ಏನೂ ಇಲ್ಲ? ನನ್ನ ಮ್ಯಾಲೆ ಬ್ಯಾಸರ ಅಲ್ಲ?" ಇವಳು ಕೇಳಿದಳು. ಕೇಳುವಾಗ ಬ್ಯಾಗಿನ ಹಿಡಿಕೆಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

"ಅಲ್ಲಮ್ಮಾ. ಆಸೆ ಹುಟ್ಟಬೇಕಾದ ಕಡೆಯೇ ಬಾಗಿಲು ಮುಚ್ಚಿದೆ. ಅದಕ್ಕೆ ನೀವೂ ಕಾರಣ ಅಲ್ಲ, ಅವರೂ ಅಲ್ಲ."

ಇವಳು ನನ್ನ ಕಡೆ ತಿರುಗಿ ನೋಡಿದಳು. ಆ ನೋಟಕ್ಕೆ ಹೊನ್ನಾವರದ ಪೇಟೆಯನ್ನೇ ಬರೆದುಕೊಡಬಹುದಿತ್ತು, ಅದು ನನ್ನದಾಗಿದ್ದರೆ.

ಆದರೆ ಬಾಗಿಲು ಮುಚ್ಚಿದ್ದು ಯಾಕೆ? ಕೆಲವೊಮ್ಮೆ ಆ ಬಟಾಣಿ ಗ್ರಂಥಿಯಲ್ಲಿ ಒಂದು ಸಣ್ಣ ಗಂಟು ಬೆಳೆದಿರುತ್ತದೆ, ಅದಕ್ಕೆ ತಲೆಯ ಸ್ಕ್ಯಾನ್ ಬೇಕಾಗಬಹುದು, ಹೆದರಬೇಡಿ, ಅದಕ್ಕೂ ಔಷಧಿ ಇದೆ ಎಂದರು. ಹೆದರಬೇಡಿ ಎಂದರೆ ಹೆದರಿಕೆ ಹೋಗುತ್ತದೆಯೇ? ತಲೆಯಲ್ಲಿ ಗಂಟು! ನನ್ನ ಹೊಟ್ಟೆಯಲ್ಲಿ ಉರಿ ಎದ್ದು ಗಂಟಲಿಗೆ ಬಂತು.

"ಇನ್ನೊಮ್ಮೆ ಕೇಳ್ತೀನಿ. ನಿಜವಾಗಿಯೂ ಯಾವ ಔಷಧಿಯೂ ತಗೊಳ್ತಿಲ್ವಾ?"

"ಇಲ್ಲೆ ಮೇಡಂ, ಎಂತದೂ ಇಲ್ಲೆ. ಸ್ವಲ್ಪ ಕುಡಿಯುವ ನೀರು ಸಿಕ್ತಾ?" ಎನ್ನುತ್ತ ಸೊಂಟದಿಂದ ಕವಳದ ಸಂಚಿ ತೆಗೆದೆ. ಎಲೆ, ಅಡಿಕೆ, ಸುಣ್ಣದ ಡಬ್ಬಿಯ ಜೊತೆ ಇರುವ ಕ್ಯಾಪ್ಸೂಲಿನ ಹಾಳೆಯಿಂದ ಒಂದನ್ನು ಒತ್ತಿ ಅಂಗೈಗೆ ಹಾಕಿಕೊಂಡೆ.

"ಅದೇನದು?"

"ಇದಾ? ಇದು ಗ್ಯಾಸಿಂದು."

"ಔಷಧಿ ಅಲ್ವಾ?"

"ಔಷಧಿ ಅಲ್ಲ ಮೇಡಂ, ಗ್ಯಾಸಿಂದು."

ಡಾಕ್ಟರಮ್ಮ ಎದ್ದು ನಿಂತು ಕೈ ಚಾಚಿದರು. ಹಾಳೆಯ ಬೆನ್ನು ಓದಿದರು. "ಎಷ್ಟು ಕಾಲದಿಂದ?"

ನಾನು ಯೋಚಿಸಿದೆ. ನಮ್ಮ ಕೆಲಸವೇ ಹಾಗಲ್ಲವೇ? ಖಾಲಿ ಹೊಟ್ಟೆಯಲ್ಲಿ ಚಹದ ಮೇಲೆ ಚಹ, ನಾಲಿಗೆಗೆ ಹುಳಿ, ಉಪ್ಪು, ಖಾರದ ರುಚಿ ನೋಡುವುದು, ಕೊನೆಯ ಪಂಕ್ತಿ ಎದ್ದ ಮೇಲೆ ಸಾಯಂಕಾಲದ ಹೊತ್ತಿಗೆ ಊಟ. ಎದೆ ಉರಿಯದ ಅಡುಗೆಭಟ್ಟ ಯಾರಿದ್ದಾನೆ? ಯಾರೋ ಒಮ್ಮೆ ಕೊಟ್ಟದ್ದು, ಹಾಯೆನಿಸಿತ್ತು, ಆಮೇಲೆ ಮೆಡಿಕಲ್ ಶಾಪಿನಲ್ಲಿ ನಾನೇ ಕೇಳಿ ತರುತ್ತಿದ್ದೆ. ಕವಳದ ಹಾಗೆ ಅದೂ ನಿತ್ಯದ್ದಾಗಿತ್ತು. ಕವಳ ಹಾಕುತ್ತೀರಾ ಎಂದು ಕೇಳಿದ್ದರೆ ಹೌದು ಎನ್ನುತ್ತಿದ್ದೆ, ಔಷಧಿ ಎಂದರೆ ನೆನಪಾಗುವುದು ಹೇಗೆ? "ಮದುವೆಯಾಗಿ ಒಂದು ವರ್ಷಕ್ಕೆ ಶುರುಮಾಡಿದ್ದು" ಎಂದೆ. ಹೇಳಿದ ಮೇಲೆ ನನ್ನ ಮಾತು ನನಗೇ ಕೇಳಿಸಿತು. ಇವಳಿಗೂ ಕೇಳಿಸಿತು.

ಆ ಕ್ಯಾಪ್ಸೂಲಿನಲ್ಲಿ ಎರಡು ಔಷಧಿ ಇದ್ದವಂತೆ. ಒಂದು ಆಮ್ಲಕ್ಕೆ. ಅದರದ್ದೇನೂ ತಕರಾರಿಲ್ಲ. ಇನ್ನೊಂದು ತಿಂದದ್ದನ್ನು ಹೊಟ್ಟೆಯಿಂದ ಬೇಗ ಮುಂದೆ ತಳ್ಳುವುದಕ್ಕೆ. ಮೆದುಳಿನಲ್ಲಿ ಡೋಪಮಿನ್ ಎಂಬುದೊಂದು ಪ್ರೊಲ್ಯಾಕ್ಟಿನ್ನನ್ನು ಸದಾ ಅದುಮಿ ಹಿಡಿದಿರುತ್ತದೆ, ಈ ಎರಡನೆಯ ಔಷಧಿ ಆ ಡೋಪಮಿನ್ನಿನ ಕೈ ಕಟ್ಟುತ್ತದೆ. ಹಿಡಿಯುವವರಿಲ್ಲದ ಮೇಲೆ ಪ್ರೊಲ್ಯಾಕ್ಟಿನ್ ಏರದೆ ಏನು ಮಾಡೀತು? ಎಲ್ಲರಿಗೂ ಹೀಗಾಗುವುದಿಲ್ಲ, ನನಗೆ ಆಗಿರಬಹುದು ಎಂದರು. "ಇವತ್ತಿನಿಂದ ಇದು ಬಂದ್. ಉರಿಗೆ ಬೇರೆ ಬರೆದುಕೊಡ್ತೀನಿ. ಕೆಲವು ವಾರ ಬಿಟ್ಟು ಮತ್ತೆ ರಕ್ತ ನೋಡೋಣ. ಆಗಲೂ ಇಳಿದಿಲ್ಲ ಅಂದ್ರೆ ಸ್ಕ್ಯಾನ್."

ಹೊರಗೆ ಬಂದೆವು. ಬಸ್‌ಸ್ಟ್ಯಾಂಡಿನಲ್ಲಿ ಹುಬ್ಬಳ್ಳಿ ಬಸ್ಸು ನಿಂತಿತ್ತು. ಕಂಡಕ್ಟರ್ ಕೂಗುತ್ತಿದ್ದ. ನಾನು ಬ್ಯಾಗು ಹಿಡಿದು ನಿಂತೆ. ಅವಳು ಬಸ್ಸನ್ನು ನೋಡಿದಳು, ನನ್ನ ಹರಿದ ಅಂಗಿಯನ್ನು ನೋಡಿದಳು.

"ಎರಡನೇ ರಿಪೋರ್ಟ್ ಬರೂತನಕ ಇರ್ತೀನಿ, ನಿಮ್ಮನ್ಯಾಗ" ಎಂದಳು.

ನಿಮ್ಮನ್ಯಾಗ. ಆದರೂ ಇರುತ್ತೇನೆ ಎಂದಳಲ್ಲ!

ಮೊದಲ ರಿಪೋರ್ಟು ಮರುದಿನವೇ ಮೊಬೈಲಿಗೆ ಬಂತು. ಪ್ರೊಲ್ಯಾಕ್ಟಿನ್ ಇರಬೇಕಾದದ್ದಕ್ಕಿಂತ ಬಹಳ ಮೇಲೆ. ಆಮೇಲೆ ಕಾಯುವ ಕೆಲಸ. ಅವಳು ಬ್ಯಾಗನ್ನು ಬಿಚ್ಚಲಿಲ್ಲ. ಮಂಚದ ಕೆಳಗಿಟ್ಟುಕೊಂಡು ಒಂದೊಂದೇ ಸೀರೆ ತೆಗೆದು ಉಟ್ಟು, ಒಗೆದು, ಒಣಗಿಸಿ, ಮಡಚಿ ಮತ್ತೆ ಅದರೊಳಗೇ ಇಡುತ್ತಿದ್ದಳು. ಆ ಜಿಪ್ಪಿನ ಸದ್ದು ಕೇಳಿದಾಗೆಲ್ಲ ನನ್ನ ಜೀವ ಹಾರುತ್ತಿತ್ತು. ನಾನು ಕ್ಯಾಪ್ಸೂಲು ಮುಟ್ಟಲಿಲ್ಲ. ಅಡುಗೆಯವನು ಮೊದಲು ಉಣ್ಣಬಾರದು ಎಂಬ ನಮ್ಮ ಪದ್ಧತಿಯನ್ನೂ ಮುರಿದೆ. ಅನ್ನ ಬೆಂದ ತಕ್ಷಣ ಒಂದು ಮೂಲೆಯಲ್ಲಿ ಕೂತು ಮಜ್ಜಿಗೆ ಅನ್ನ ಉಂಡುಬಿಡುತ್ತಿದ್ದೆ. "ಭಟ್ರಿಗೆ ಎಂತ ಅವಸರ!" ಎಂದು ಕೆಲಸದವರು ನಕ್ಕರು. ನಗಲಿ.

ಎರಡನೆಯ ರಕ್ತ ಕೊಟ್ಟ ಮರುದಿನ ಕುಮಟೆಯಲ್ಲಿ ಮದುವೆ. ರಿಪೋರ್ಟು ತನ್ನ ನಂಬರಿಗೇ ಬರಬೇಕೆಂದು ಇವಳು ಹಟ ಹಿಡಿದಿದ್ದಳು. ಪಾಯಸಕ್ಕೆ ಸಕ್ಕರೆ ಹಾಕುತ್ತಿದ್ದೆ, ಸೊಂಟದಲ್ಲಿ ಫೋನು ಗುರುಗುಟ್ಟಿತು. ಸಕ್ಕರೆ ಅಂಟಿದ ಕೈಯಿಂದ ಎರಡು ಸಲ ಜಾರಿತು.

"ಇಳದೈತ್ರೀ!" ಅತ್ತಲಿಂದ ಕಿರುಚಾಟ. "ಪೂರಾ ಇಳದೈತಿ! ಆ ಇನ್ನೊಂದು ಏರಾಕತ್ತೈತಿ! ಡಾಕ್ಟರಿಗೂ ಫೋನ್ ಮಾಡಿದ್ನಿ, ತಲೀ ಸ್ಕ್ಯಾನ್ ಬ್ಯಾಡಂದ್ರು! ಕೇಳಸಾಕತ್ತೈತೇನ್ರೀ?"

"ಹೋ!" ಎಂದು ನಾನು ಕೂಗಿದ ಕೂಗಿಗೆ ಮದುಮಗಳ ಸೋದರಮಾವ ಏನೋ ಸೀದುಹೋಯಿತೆಂದು ಓಡಿಬಂದರು. ಏನೂ ಸೀಯಲಿಲ್ಲ, ಪಾಯಸಕ್ಕೆ ಮಾತ್ರ ಎರಡು ಸಲ ಸಕ್ಕರೆ ಬಿತ್ತು. ಯಾರೂ ದೂರಲಿಲ್ಲ. ಒಬ್ಬರು ಮೂರು ಸಲ ಹಾಕಿಸಿಕೊಂಡರು.

ನಿಧಾನವಾಗಿ ಒಲೆ ಹತ್ತಿತು. ಮೊದಲು ಹನಿ ನಿಂತಿತು. ಆಮೇಲೆ ಒಂದು ದಿನ ಕೊಪ್ಪರಿಗೆಯನ್ನು ಯಾರನ್ನೂ ಕರೆಯದೆ ಇಳಿಸಿದೆ. ಗಲ್ಲ ತುರಿಸತೊಡಗಿತು. ಒಂದು ಮಧ್ಯಾಹ್ನ ಊಟವಾಗಿ ಮಲಗಿದ್ದಾಗ ಇವಳು ನನ್ನ ಮುಖವನ್ನು ಕೈಯಿಂದ ದೂಡಿ, "ರೀ, ಗಡ್ಡಾ ಚುಚ್ಚತೈತಿ!" ಎಂದಳು. ಅಷ್ಟು ಇಂಪಾದ ಬೈಗುಳ ನಾನು ಕೇಳಿರಲಿಲ್ಲ. ಎದ್ದು ಓಡಿಹೋಗಿ ಬೋಳಿಸಿಕೊಂಡು ಬಂದೆ. ಮುಂದಿನದು ನಿಮಗೆ ಬೇಡ.

ಕೆಂಪು ಬ್ಯಾಗು ಒಂದು ದಿನ ಖಾಲಿಯಾಗಿ ಬಿಸಿಲಿಗೆ ಬಿತ್ತು. ಈಗ ಅದರಲ್ಲಿ ನನ್ನ ಸಟ್ಟುಗ, ಜಾಲರಿಗಳು ಊರೂರು ತಿರುಗುತ್ತವೆ. ಇಷ್ಟಾದರೂ ಅವಳ ಬಾಯಲ್ಲಿ 'ನಿಮ್ಮನಿ' ಹೋಗಲಿಲ್ಲ. ನಾನು ಕೇಳಲೂ ಇಲ್ಲ.

ಮಗಳು ಹುಟ್ಟಿದ್ದು ಕುಮಟೆಯ ಒಂದು ಆಸ್ಪತ್ರೆಯಲ್ಲಿ. ಗದಗಿನಿಂದ ಇವಳ ತಾಯಿ ಬಂದಿದ್ದರು. ಕೂಸು ಗಟ್ಟಿ, ದನಿ ಇನ್ನೂ ಗಟ್ಟಿ, ಆದರೆ ಇವಳ ಎದೆಯಲ್ಲಿ ಹಾಲಿಳಿಯಲು ತಡವಾಯಿತು. ಕೂಸು ಬಾಯಿ ಹಾಕುವುದು, ಸಿಕ್ಕಿದ ಒಂದೆರಡು ಹನಿ ಚೀಪಿ ಚೀರುವುದು. ಕೂಸು ಅತ್ತರೆ ಇವಳೂ ಅಳುವುದು. "ನಿಮಗ ಬ್ಯಾಡಾದಾಗ ಬಂತು, ನನಗ ಬೇಕಾದಾಗ ಬರವಲ್ದು" ಎಂದು ನನ್ನ ಮೇಲೇ ರೇಗಿದಳು. ಬಾಯಿ ಹಾಕಿಸುತ್ತಲೇ ಇರಿ, ಕೂಸು ಎಳೆದಷ್ಟೂ ಆ ಹಾರ್ಮೋನು ಏರುತ್ತದೆ ಎಂದು ನರ್ಸ್ ಹೇಳಿದರು. ಯಾವ ಹಾರ್ಮೋನೆಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನನ್ನೊಳಗೆ ದಾರಿ ತಪ್ಪಿ ಹೊಕ್ಕು ನನ್ನ ಮನೆ ಮುರಿಯಲು ಹೊರಟಿತ್ತಲ್ಲ, ಅದೇ! ಬಾರೋ ಮಾರಾಯ, ಈಗ ಬಾ, ಎಷ್ಟು ಬೇಕಾದರೂ ಏರು ಎಂದು ವರಾಂಡದಲ್ಲಿ ನಿಂತು ಅದನ್ನೇ ಬೇಡಿಕೊಂಡೆ.

ಮರುದಿನ ಬೆಳಿಗ್ಗೆ ಅತ್ತೆಯವರು ವರಾಂಡಕ್ಕೆ ಬಂದಿದ್ದರು, ನಾನು ಅವರಿಗೆ ಚಹ ಬಗ್ಗಿಸುತ್ತಿದ್ದೆ. ವಾರ್ಡಿನೊಳಗಿಂದ ಇವಳ ಕೂಗು ಕೇಳಿತು.

"ರೀ! ಬತ್ತು! ಬತ್ತು!"

ಅತ್ತೆಯವರ ಕೈಯಿಂದ ಲೋಟ ಬಿತ್ತು. "ಅಯ್ಯೋ ಶಿವನ! ಬರೂಕಿನ ಮೊದಲಽ ಬತ್ತೇಬಿಡ್ತೇನ?" ಎಂದು ಎದೆ ಬಡಿದುಕೊಂಡು ಒಳಗೆ ಓಡಿದರು. ನಾನು ಅವರ ಹಿಂದೆ ಓಡಿದೆ. ಕೂಸು ಸದ್ದಿಲ್ಲದೆ ಗಟಗಟ ಕುಡಿಯುತ್ತಿತ್ತು, ಕಟವಾಯಿಯಿಂದ ಬಿಳಿಯದೊಂದು ಹನಿ ಇಳಿಯುತ್ತಿತ್ತು. ಇವಳ ಕಣ್ಣು ತುಂಬಿತ್ತು, ಬಾಯಿ ತುಂಬ ನಗು.

"ಬತ್ತಿಲ್ಲವ್ವಾ," ಎಂದಳು ತಾಯಿಗೆ. "ಬರಾಕತ್ತೈತಿ. ಇದು ನಮ್ಮನಿ ಮಾತು."